ಅಗ್ಗದ ಎಸ್‌ಎಸ್‌ಡಿ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮಗನೋ ಮಗಳೋ ಡಿಪ್ಲೊಮಾ ಇಲ್ಲವೇ ಎಂಜಿನಿಯರಿಂಗ್ ಸೇರಿದೊಡನೆ ಮನೆಯಲ್ಲಿ ಕಂಪ್ಯೂಟರ್ ಮಾತು ಏಳುತ್ತದೆ. ಬೇಲೂರು, ಅರಸೀಕೆರೆ ಸೀಮೆಯ ಅನೇಕ ಮನೆಗಳಲ್ಲಿ ಅದಕ್ಕೆ ಜೋಳ, ಶುಂಠಿ ಅಥವಾ ಕೊಬ್ಬರಿ ಮಾರಿದ ಹಣವೇ ಆಧಾರ. ಬಿಡಿಭಾಗ ಕೊಂಡು ಜೋಡಿಸಿದರೆ ಖರ್ಚು ಹತೋಟಿಯಲ್ಲಿರುತ್ತದೆ, ನಿಜ. ಆದರೆ ಎಸ್‌ಎಸ್‌ಡಿ ಆರಿಸುವಾಗ ಬೆಲೆಗಳ ಅಂತರ ಕಂಡು ಎಂಥವರೂ ತಬ್ಬಿಬ್ಬಾಗುತ್ತಾರೆ.

ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆಯ ಮೇಲೆ ಕಾಂತೀಯ ಗುರುತುಗಳಾಗಿ ಮಾಹಿತಿ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಜಪಾನಿನ ತೊಷಿಬಾ ಕಂಪನಿಯ ಫುಜಿಯೊ ಮಸುವೊಕ ತಂಡ 1987ರಲ್ಲಿ ಪ್ರಕಟಿಸಿದ ನ್ಯಾಂಡ್ ಫ್ಲ್ಯಾಷ್ ತಂತ್ರವೇ ಇದರ ಮೂಲ. ಚಿಪ್ಪಿನ ಸೂಕ್ಷ್ಮ ಕೋಶಗಳಲ್ಲಿ ಬಂಧಿಯಾದ ವಿದ್ಯುದಾವೇಶವೇ ಇಲ್ಲಿ ಮಾಹಿತಿ.

ಹುಲಿಕೆರೆಯಲ್ಲಿರುವ ಹೊಯ್ಸಳರ ಕಾಲದ ಪುಷ್ಕರಣಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ನೀರು ಎಷ್ಟನೆಯ ಮೆಟ್ಟಿಲವರೆಗೆ ನಿಂತಿದೆ ಎಂಬುದೇ ಒಂದು ಸಂಕೇತವೆಂದು ಭಾವಿಸೋಣ. ಕೋಶದಲ್ಲಿ 8 ಮಟ್ಟ ಗುರುತಿಸಿದರೆ 3 ಬಿಟ್ ಹಿಡಿಸುತ್ತದೆ; ಇದು ಟಿಎಲ್‌ಸಿ. 16 ಮಟ್ಟ ಗುರುತಿಸಿದರೆ 4 ಬಿಟ್, ಇದು ಕ್ಯೂಎಲ್‌ಸಿ. ಅಷ್ಟೇ ಕೋಶಗಳಲ್ಲಿ ಹೆಚ್ಚು ಮಾಹಿತಿ ಹಿಡಿಸುವುದರಿಂದ ಕ್ಯೂಎಲ್‌ಸಿ ಅಗ್ಗ. ಆದರೆ ಮೆಟ್ಟಿಲು ಕಿರಿದಾದಷ್ಟೂ ಮಟ್ಟವನ್ನು ನಿಖರವಾಗಿ ನಿಲ್ಲಿಸುವುದು ಕಷ್ಟ. ದೊಡ್ಡ ಕಡತ ಬರೆಯುವಾಗ ವೇಗ ಕುಗ್ಗುತ್ತದೆ, ಬಾಳಿಕೆಯೂ ಕಡಿಮೆ.

ಹಾಗಾದರೆ ಬಾಳಿಕೆ ಎಷ್ಟಿರಬೇಕು? ಕಂಪನಿಯ ವಿವರಪತ್ರದಲ್ಲಿ ‘ಟಿಬಿಡಬ್ಲ್ಯು’ ಎಂಬ ಸಂಖ್ಯೆ ಇರುತ್ತದೆ. ಎಷ್ಟು ಟೆರಾಬೈಟ್ ಬರೆಯುವವರೆಗೆ ವಾರಂಟಿ ಉಂಟು ಎಂಬುದನ್ನು ಅದು ತಿಳಿಸುತ್ತದೆ. ಅದು 300 ಎಂದಿದ್ದರೆ, ದಿನಕ್ಕೆ 20 ಜಿಬಿ ಬರೆದರೂ 15,000 ದಿನ, ಅಂದರೆ 41 ವರ್ಷ! 100 ಎಂದಿದ್ದರೂ 13 ವರ್ಷ ದಾಟುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಈ ಸಂಖ್ಯೆಗಾಗಿ ಹೆಚ್ಚು ಹಣ ತೆರಬೇಕಿಲ್ಲ. ವಾರಂಟಿ 3 ವರ್ಷವೋ 5 ವರ್ಷವೋ ನೋಡಿ, ಬಿಲ್ ಪಡೆದು ಜೋಪಾನ ಮಾಡುವುದು ಮುಖ್ಯ. ಬೆಲೆ ಒಂದೇ ಆಗಿದ್ದರೆ ಟಿಎಲ್‌ಸಿ ಲೇಸು.

ಇನ್ನು ವೇಗ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಎನ್‌ವಿಎಂಇ ಬಗೆಯದು 3,500 ಎಂಬಿಯನ್ನೂ ಮುಟ್ಟಬಲ್ಲದು. ಆದರೆ ಪಾಠ, ಪ್ರೋಗ್ರಾಮಿಂಗ್‌ನಂಥ ಕೆಲಸಗಳಲ್ಲಿ ಇವೆರಡರ ಅಂತರ ಅಷ್ಟಾಗಿ ಅನುಭವಕ್ಕೆ ಬಾರದು. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದಾಗಿನ ಅಂತರವೇ ದೊಡ್ಡದು. ಮದರ್‌ಬೋರ್ಡಿನ ಎಂ.2 ಕಿಂಡಿ ಯಾವ ಬಗೆಯನ್ನು ಒಪ್ಪುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿದ ಮೇಲೆಯೇ ಹಣ ಕೊಡಬೇಕು.

500 ಜಿಬಿಯ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 465 ಎಂದು ಕಂಡರೆ ಅದು ಮೋಸವಲ್ಲ. ತಯಾರಕರು 1,000ದಿಂದ, ವಿಂಡೋಸ್ 1,024ರಿಂದ ಲೆಕ್ಕ ಹಾಕುತ್ತದೆ, ಅಷ್ಟೆ. ಆದರೆ ಕೆಲವೇ ನೂರು ರೂಪಾಯಿಗೆ ಹತ್ತಾರು ಟೆರಾಬೈಟ್ ಎಂಬ ಜಾಹೀರಾತು ಖಂಡಿತ ಮೋಸ. ಒಳಗಿನ ಚಿಕ್ಕ ಚಿಪ್ಪು ತುಂಬಿದ ಮೇಲೆ ಬರೆದದ್ದೆಲ್ಲ ನಾಶವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಕೆಡುವ ಮುನ್ನ ಹಾರ್ಡ್ ಡಿಸ್ಕ್ ಅನೇಕ ಸಲ ಸದ್ದು ಮಾಡುತ್ತದೆ; ಎಸ್‌ಎಸ್‌ಡಿ ಸದ್ದಿಲ್ಲದೆ ನಿಂತುಬಿಡಬಹುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲಿನ ಬರಹವನ್ನು ಸುಮಾರು 1,500 ವರ್ಷಗಳ ನಂತರವೂ ಓದಬಹುದು. ಚಿಪ್ಪಿನಲ್ಲಿಟ್ಟ ಆವೇಶವಾದರೋ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಸೋರಿಹೋಗುತ್ತದೆ. ದುಬಾರಿ ಎಸ್‌ಎಸ್‌ಡಿ ಬಿಟ್ಟು ಸಾಧಾರಣದ್ದನ್ನು ಕೊಂಡು, ಉಳಿದ ಹಣದಲ್ಲಿ ಎರಡನೇ ಪ್ರತಿ ಇಡಲು ಒಂದು ಹಾರ್ಡ್ ಡಿಸ್ಕ್ ತರುವುದು ಜಾಣತನ. ಎಸ್‌ಎಸ್‌ಡಿ ಕೆಟ್ಟರೆ ಮತ್ತೊಂದು ಸಿಕ್ಕೀತು. ಪರೀಕ್ಷೆಯ ಹಿಂದಿನ ವಾರ ಕಳೆದುಹೋದ ಪ್ರಾಜೆಕ್ಟ್ ವರದಿ ಸಿಗಲಾರದು.