ಪಾರ್ಲರಿನಲ್ಲಿ ಡ್ರಿಪ್ ಏಕೆ?



ಮದುವೆ ಗೊತ್ತಾಗಿದ್ದ ನನ್ನ ತಂಗಿಯ ಮಗಳು ಮುಖ ಹೊಳೆಯಲೆಂದು ಪಾರ್ಲರೊಂದರಲ್ಲಿ ಗ್ಲುಟಾಥಿಯೋನ್, ವಿಟಮಿನ್ ಸಿ ಡ್ರಿಪ್ ಹಾಕಿಸಿಕೊಂಡಳು. ಮೈಯೆಲ್ಲ ದದ್ದೆದ್ದು, ರಾತ್ರೋರಾತ್ರಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಸೂಜಿ ಚುಚ್ಚಿದಾಕೆ ವೈದ್ಯೆಯಲ್ಲ, ನರ್ಸ್ ಕೂಡ ಅಲ್ಲ! ಮಗುವಿನ ಬಣ್ಣಕ್ಕೆ ಏನಾಗಿತ್ತು ಎಂದು ಅವಳಮ್ಮ ಇಂದಿಗೂ ಅಳುತ್ತಾಳೆ.

ಗ್ಲುಟಾಥಿಯೋನ್ ಚುಚ್ಚುಮದ್ದಿನಿಂದ ಯಕೃತ್ತು, ಮೂತ್ರಪಿಂಡಕ್ಕೆ ಅಪಾಯವೆಂದು ಫಿಲಿಪೀನ್ಸ್ ಸರ್ಕಾರ 2011ರಲ್ಲೇ ಎಚ್ಚರಿಸಿತ್ತು. ಚರ್ಮ ಬಿಳಿಯಾಗಿಸುವ ಯಾವ ಚುಚ್ಚುಮದ್ದಿಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ನಮ್ಮಲ್ಲೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸದೆ ಚಿಕಿತ್ಸೆ ನೀಡುವಂತಿಲ್ಲ.

ಶಿಕಾರಿಪುರ, ಸೊರಬದ ತಾಲ್ಲೂಕು ಆರೋಗ್ಯಾಧಿಕಾರಿಗಳು ಮದುವೆಯ ಸುಗ್ಗಿಗೆ ಮೊದಲೇ ಪಾರ್ಲರುಗಳನ್ನು ತಪಾಸಣೆ ಮಾಡಿ, ಡ್ರಿಪ್ ಹಾಕುವವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ವಿನಂತಿ.

– ನೊಂದ ಓದುಗಿ, ಶಿಕಾರಿಪುರ