ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ



ಅಂಗಳದಲ್ಲಿ ಒಂದು ಪುಟ್ಟ ಕೊಳ, ಅದರಲ್ಲಿ ಬಣ್ಣದ ಮೀನುಗಳು. ಮನೆ ಕಟ್ಟಿಸುವ ಹಲವರಿಗೆ ಈ ಆಸೆ ಇರುತ್ತದೆ. ಕೊಳ ಕಟ್ಟುವುದು ಮೇಸ್ತ್ರಿಗೆ ಕೆಲವೇ ದಿನಗಳ ಕೆಲಸ. ಅದರಲ್ಲಿ ಮೀನುಗಳನ್ನು ಬದುಕಿಸುವುದು ಮಾತ್ರ ಬೇರೆಯೇ ವಿಷಯ. ಕೊಳಕ್ಕೆ ಯಾವ ಫಿಲ್ಟರ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ.

ನಾವು ಕಟ್ಟಿಸಿದ ಕೊಳ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ. ಮಗಳ ಹಟಕ್ಕೆ ಕೊಳ ತುಂಬಿಸಿದ ಮೂರನೆಯ ದಿನವೇ ಇಪ್ಪತ್ತು ಗೋಲ್ಡ್‌ಫಿಶ್ ತಂದು ಬಿಟ್ಟೆವು. ಅಂಗಡಿಯವರು ಯು.ವಿ. ದೀಪವಿರುವ ಒಂದು ಯಂತ್ರ ಕೊಟ್ಟು, "ಇದಿದ್ದರೆ ನೀರು ಕನ್ನಡಿಯಂತೆ ಇರುತ್ತದೆ" ಎಂದರು. ಅವರ ಮಾತು ಸುಳ್ಳಾಗಲಿಲ್ಲ. ತಳದ ಟೈಲ್ಸ್‌ನ ಗೆರೆಯೂ ಕಾಣುವಷ್ಟು ತಿಳಿಯಾದ ನೀರು! ಎರಡನೆಯ ವಾರ ಒಂದು ಬೆಳಿಗ್ಗೆ ಮಗಳು ಓಡಿ ಬಂದು, "ಉಮ್ಮಾ, ಮೀನುಗಳೆಲ್ಲ ಬಾಯಿ ಮೇಲೆತ್ತಿ ನಿಂತಿವೆ" ಎಂದಳು. ಹಸಿವಾಗಿರಬೇಕೆಂದು ಇನ್ನಷ್ಟು ಆಹಾರ ಹಾಕಿದೆ. ಸಂಜೆಯೊಳಗೆ ಏಳು ಸತ್ತವು. ಮರುದಿನ ಮತ್ತೆ ಆರು. ಕರಿಬೇವಿನ ಗಿಡದ ಬುಡದಲ್ಲಿ ಅವನ್ನು ಹೂಳುವಾಗ ಮಗಳು ಕೇಳಿದ ಪ್ರಶ್ನೆ ಇದು: "ನೀರು ಇಷ್ಟು ಕ್ಲೀನ್ ಇದೆಯಲ್ಲಾ, ಮತ್ತೆ ಯಾಕೆ ಸತ್ತವು?"

ಫಿಲ್ಟರ್ ಆರಿಸುವವರು ಅರ್ಥ ಮಾಡಿಕೊಳ್ಳಬೇಕಾದದ್ದೆಲ್ಲ ಈ ಪ್ರಶ್ನೆಯಲ್ಲೇ ಇದೆ.

ಕಾಣದ ಕೊಳೆ

ಮೀನು ತಿಂದದ್ದರ ಒಂದು ಭಾಗ ಅಮೋನಿಯಾ ಆಗಿ, ಹೆಚ್ಚಾಗಿ ಕಿವಿರಿನ ಮೂಲಕ, ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಉದುರಿದ ಎಲೆ ಕೊಳೆತಾಗಲೂ ಅದೇ ಉತ್ಪತ್ತಿಯಾಗುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ಎಷ್ಟೇ ತಿಳಿಯಾಗಿದ್ದರೂ ಅದು ವಿಷವೇ. ಹೊಳೆಯಲ್ಲಾದರೆ ಹರಿವು ಅದನ್ನು ಕೊಂಡೊಯ್ಯುತ್ತದೆ. ಕೊಳದ ಮೀನು ತನ್ನ ವಿಷದಲ್ಲೇ ಈಜುತ್ತಿರಬೇಕಾಗುತ್ತದೆ.

ಇದಕ್ಕೆ ಪ್ರಕೃತಿಯಲ್ಲೇ ಪರಿಹಾರವಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ಮೀನಿಗೆ ವಿಷ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಅಪಾಯ ಬಹಳ ಕಡಿಮೆ, ಮೇಲಾಗಿ ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಲ್ಲು, ಸ್ಪಂಜಿನಂಥ ವಸ್ತುಗಳ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಅವಕ್ಕೆ ಆಮ್ಲಜನಕ ತುಂಬಿದ ನೀರು ಸದಾ ಹರಿಯುತ್ತಿರಬೇಕು. ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಮಾತ್ರವಲ್ಲ, ಈ ಜೀವಿಗಳ ಮನೆ. ಆ ಮನೆ ತುಂಬಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾವು ಮೂರು ದಿನವೂ ಪೂರ್ತಿ ಕೊಟ್ಟಿರಲಿಲ್ಲ.

ಯು.ವಿ. ದೀಪ ನೀರಲ್ಲಿ ತೇಲುವ ಹಸಿರು ಪಾಚಿಯನ್ನು ಕೊಲ್ಲುತ್ತದೆ. ಅಮೋನಿಯಾವನ್ನು ತೆಗೆಯುವುದಿಲ್ಲ. ಅದು ಫಿಲ್ಟರಿಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಉದ್ದ, ಅಗಲ, ಆಳಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಹೆಚ್ಚುಕಡಿಮೆ ಲೀಟರ್ ಲೆಕ್ಕ ಸಿಗುತ್ತದೆ. ನಮ್ಮ ಕೊಳಕ್ಕೆ 6 x 4 x 2 = 48, ಅಂದರೆ ಸುಮಾರು 1,350 ಲೀಟರ್. ಎರಡು ಗಂಟೆಗೊಮ್ಮೆ ಕೊಳದ ಅಷ್ಟೂ ನೀರು ಫಿಲ್ಟರಿನಲ್ಲಿ ಹಾದುಹೋಗಬೇಕು ಎಂಬುದು ಮೀನು ಸಾಕುವವರ ಸಾಮಾನ್ಯ ನಿಯಮ. ಆ ಪ್ರಕಾರ ನಮಗೆ ಗಂಟೆಗೆ ಸುಮಾರು 700 ಲೀಟರ್ ಹರಿವು ಬೇಕು.

ಹಾಗೆಂದು 700 ಲೀಟರ್ ಎಂದು ಬರೆದ ಪಂಪ್ ತರಬೇಡಿ. ಪೆಟ್ಟಿಗೆಯ ಮೇಲಿನ ಸಂಖ್ಯೆ ನೀರನ್ನು ಎತ್ತರಕ್ಕೆ ಏರಿಸದಿದ್ದಾಗ ಬರುವ ಹರಿವು. ಪಕ್ಕದಲ್ಲೇ ಗರಿಷ್ಠ ಎತ್ತರವೂ ಬರೆದಿರುತ್ತದೆ. ಆ ಎತ್ತರದಲ್ಲಿ ಹರಿವು ಸೊನ್ನೆ! ಅರ್ಧ ಎತ್ತರಕ್ಕೆ ಏರಿಸಿದರೆ ಹರಿವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ನಾವು 1,500 ಲೀಟರಿನ ಪಂಪ್ ತಂದೆವು.

ಪಂಪ್ ಹಗಲೂ ರಾತ್ರಿ ಓಡಬೇಕು. ಕರೆಂಟ್ ಉಳಿಸಲು ರಾತ್ರಿ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತದೆ. 25 ವಾಟ್‌ನ ಪಂಪ್ ತಿಂಗಳಿಗೆ 18 ಯೂನಿಟ್ ತಿನ್ನುತ್ತದೆ. ಕೊಳ ಕಟ್ಟಿಸುವ ಮೊದಲೇ ಈ ಖರ್ಚನ್ನು ಮನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಯಾವುದು ಯಾರಿಗೆ?

ತೊಟ್ಟಿ ಚಿಕ್ಕದು, ಹತ್ತು ಹನ್ನೆರಡು ಗಪ್ಪಿ ಮೀನು, ಸಾಕಷ್ಟು ನೀರುಗಿಡ ಎಂದಾದರೆ ಫಿಲ್ಟರೇ ಬೇಡ. ಗಿಡಗಳೇ ಆ ಕೆಲಸ ಮಾಡುತ್ತವೆ. ಗಪ್ಪಿ ಸೊಳ್ಳೆಯ ಮರಿಗಳನ್ನೂ ತಿನ್ನುತ್ತದೆ.

ಗೋಲ್ಡ್‌ಫಿಶ್ ಸಾಕುವವರಿಗೆ ಹೊರಗಿಡುವ ಪೆಟ್ಟಿಗೆ ಫಿಲ್ಟರ್ ಅಥವಾ ಮನೆಯಲ್ಲೇ ಮಾಡಿದ ಡ್ರಮ್ ಫಿಲ್ಟರ್ ಸಾಕು. ಮುಚ್ಚಿದ ಪ್ರೆಶರ್ ಫಿಲ್ಟರನ್ನು ಮಣ್ಣಲ್ಲಿ ಅರ್ಧ ಹೂತು ಮರೆಮಾಡಬಹುದು, ಅದರಿಂದ ನೀರನ್ನು ಮೇಲೇರಿಸಿ ಜಲಪಾತವನ್ನೂ ಮಾಡಬಹುದು. ಆದರೆ ಒಳಗೆ ಜಾಗ ಕಡಿಮೆ, ಬೇಗ ಕಟ್ಟಿಕೊಳ್ಳುತ್ತದೆ. ಕೋಯಿ ಮೀನಿನ ಆಸೆ ಇರುವವರು ಎರಡು ಸಲ ಯೋಚಿಸಿ. ಅಂಗಡಿಯಲ್ಲಿ ಬೆರಳುದ್ದವಿರುವ ಅದು ಎರಡಡಿ ಬೆಳೆಯಬಲ್ಲದು. ನಮ್ಮಂಥ ಕೊಳ ಅದಕ್ಕೆ ಸಾಲದು.

ನಾವು ಮಾಡಿಕೊಂಡದ್ದು ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್. ರಾಸಾಯನಿಕ ತುಂಬಿದ್ದ ಡ್ರಮ್ ಬೇಡ. ಪಂಪಿನ ನೀರು ಡ್ರಮ್ಮಿನ ತಳಕ್ಕೆ ಬರುತ್ತದೆ. ಅಲ್ಲಿ ಕಸ ಕೂರಲು ಖಾಲಿ ಜಾಗ ಮತ್ತು ಅದನ್ನು ಹೊರಬಿಡಲು ಒಂದು ನಲ್ಲಿ. ಅದರ ಮೇಲೆ ದಪ್ಪ ಸ್ಪಂಜು. ಅದಕ್ಕೂ ಮೇಲೆ ತೊಳೆದ ಹಂಚಿನ ಚೂರು ಮತ್ತು ಪಾತ್ರೆ ತಿಕ್ಕುವ ಹೊಸ ಪ್ಲಾಸ್ಟಿಕ್ ಜಾಲರಿ ಉಂಡೆಗಳು. ಸ್ಟೀಲಿನದು, ಸೋಪು ಹಾಕಿ ಬಳಸಿದ್ದು ಬೇಡ. ಮೇಲಿನ ಕೊಳವೆಯಿಂದ ನೀರು ಒಂದು ತೊಟ್ಟಿಗೆ ಬೀಳುತ್ತದೆ. ಅದರಲ್ಲಿ ಜಲ್ಲಿ ತುಂಬಿ ಕಾಬಾಳೆ, ಕೆಸು ನೆಟ್ಟಿದ್ದೇವೆ. ನೈಟ್ರೇಟನ್ನು ಅವು ಹೀರಿಕೊಳ್ಳುತ್ತವೆ. ಅಲ್ಲಿಂದ ನೀರು ಸದ್ದು ಮಾಡುತ್ತಾ ಕೊಳಕ್ಕೆ ಧುಮುಕುವಾಗ ಗಾಳಿ ಬೆರೆಯುತ್ತದೆ. ಡ್ರಮ್ಮಿಗೆ ಸೊಳ್ಳೆ ನುಸುಳದಂತೆ ಮುಚ್ಚಳವಿರಲಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆಯಿಡುತ್ತದೆ.

ನನ್ನ ಎರಡನೆಯ ತಪ್ಪು

ಎಲ್ಲವೂ ಸರಿಹೋಯಿತು ಎಂದುಕೊಂಡ ನಾಲ್ಕು ತಿಂಗಳ ಬಳಿಕ ಮನೆಗೆ ನೆಂಟರು ಬರುವವರಿದ್ದರು. ನಾನು ಡ್ರಮ್ ಬಿಚ್ಚಿ, ಸ್ಪಂಜನ್ನೂ ಹಂಚಿನ ಚೂರನ್ನೂ ಸೋಪು ಹಾಕಿ ನಲ್ಲಿ ನೀರಲ್ಲಿ ಬೆಳ್ಳಗಾಗುವಂತೆ ತೊಳೆದೆ. ಅಡುಗೆಮನೆಯ ಅಭ್ಯಾಸ! ಮೂರೇ ದಿನದಲ್ಲಿ ಮೀನುಗಳು ಮತ್ತೆ ಬಾಯಿ ಮೇಲೆತ್ತಿದವು. ನಾಲ್ಕು ತಿಂಗಳಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ನಾನೇ ತೊಳೆದು ಚರಂಡಿಗೆ ಬಿಟ್ಟಿದ್ದೆ. ಈ ಸಲ ಆಹಾರ ನಿಲ್ಲಿಸಿ, ದಿನವೂ ಕಾಲು ಭಾಗ ನೀರು ಬದಲಿಸಿದೆವು. ಎರಡು ಸತ್ತವು, ಐದು ಉಳಿದವು.

ಅಂದಿನಿಂದ ಸ್ಪಂಜನ್ನು ಬಕೆಟಿನಲ್ಲಿ ತೆಗೆದ ಕೊಳದ ನೀರಿನಲ್ಲೇ ಅದ್ದಿ ಹಿಂಡುತ್ತೇವೆ. ಹಂಚಿನ ಚೂರನ್ನು ಅದೇ ದಿನ ಮುಟ್ಟುವುದಿಲ್ಲ.

ಇವನ್ನು ಮರೆಯಬೇಡಿ

* ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತದೆ. ನಾಲ್ಕೈದು ಸಲ ನೀರು ತುಂಬಿಸಿ ಚೆಲ್ಲಿದ ನಂತರವೇ ಫಿಲ್ಟರ್ ಓಡಿಸಿ. ಮೊದಲು ಎರಡು ಮೂರು ಮೀನು ಮಾತ್ರ ಬಿಡಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ನಿಧಾನವಾಗಿ ಹೆಚ್ಚಿಸಿ.

* ಕ್ಲೋರಿನ್ ಇರುವ ನಲ್ಲಿ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿ.

* ಕರಾವಳಿಯ ಕೆಂಪು ಕಲ್ಲಿನ ನೆಲದ ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಹುಳಿ ಗುಣ ಹೆಚ್ಚು. ಅಂಥ ನೀರಿನಲ್ಲಿ ಬ್ಯಾಕ್ಟೀರಿಯಾ ಸೋಮಾರಿಯಾಗುತ್ತದೆ. ತೊಳೆದ ಮರುವಾಯಿ ಚಿಪ್ಪನ್ನು ಒಂದೆರಡು ಹಿಡಿ ಫಿಲ್ಟರಿಗೆ ಹಾಕಿದರೆ ಸರಿಹೋಗುತ್ತದೆ.

* ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟ್ ಹೋದರೆ, ಬಂದ ಕೂಡಲೇ ಸ್ವಿಚ್ ಹಾಕಬೇಡಿ. ಡ್ರಮ್ಮಿನಲ್ಲಿ ಕೊಳೆತ ನೀರನ್ನು ಮೊದಲು ಹೊರಗೆ ಬಿಡಿ.

* ಪಂಪಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕಡ್ಡಾಯ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ನಡೆಯಲು ಕಲಿಯುವ ಮಕ್ಕಳಿರುವ ಮನೆಯಲ್ಲಿ ಕೊಳದ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿ ಇರಲೇಬೇಕು. ಎರಡಡಿ ನೀರು ಮಗುವಿಗೆ ಬಾವಿಯಷ್ಟೇ ಅಪಾಯ.

* ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರು ಬದಲಿಸಿ. ತೆಗೆದ ನೀರನ್ನು ಚೆಲ್ಲಬೇಡಿ. ನಮ್ಮ ಹಿತ್ತಿಲ ಬದನೆ, ಬಸಳೆಗೆ ಈಗ ಅದೇ ಗೊಬ್ಬರ.

ಈಗ ನಮ್ಮ ಕೊಳದ ನೀರು ಕನ್ನಡಿಯಂತಿಲ್ಲ, ತುಸು ಹಸಿರು ಛಾಯೆ ಇದೆ. ಯು.ವಿ. ದೀಪ ಅಟ್ಟದ ಮೇಲಿದೆ. ಉಳಿದ ಐದು ಮೀನುಗಳು ಮಗಳ ಹೆಜ್ಜೆ ಸದ್ದಿಗೆ ದಡಕ್ಕೆ ಬರುತ್ತವೆ. ಅವು ತಾವಾಗಿ ನಮ್ಮ ಅಂಗಳಕ್ಕೆ ಬಂದವಲ್ಲ, ನಾವು ತಂದದ್ದು. ಆಹಾರ ಹಾಕಿದರೆ ಹೊಣೆ ತೀರಿತೆಂದು ನಾನು ತಿಳಿದಿದ್ದೆ. ಅವು ಉಸಿರಾಡುವ ನೀರೂ ನಮ್ಮ ಹೊಣೆಯೆಂದು ತಿಳಿಯಲು ಹದಿನೈದು ಮೀನುಗಳು ಸಾಯಬೇಕಾಯಿತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ. ಕೊಳ ಸಿದ್ಧವಾದ ಮೇಲೆ ಫಿಲ್ಟರನ್ನು ಆರು ವಾರ ಓಡಲು ಬಿಡಿ. ಮಕ್ಕಳು ಹಟ ಮಾಡಿಯಾರು, ಮಾಡಲಿ. ಕಾಯುವುದನ್ನು ಕಲಿಯಲು ಅವರಿಗೂ ಇದೊಂದು ಒಳ್ಳೆಯ ಪಾಠ.