ಸಪೋಟದ ಹೆಸರಿನಲ್ಲಿ ಮಲಯಾಳಂ!

ಹಿತ್ತಲಲ್ಲಿ ಸಪೋಟ ಮರವಿದ್ದರೆ ಅದರ ವೈಜ್ಞಾನಿಕ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಮನಿಲ್ಕಾರ ಝಪೋಟ. ಸಪೋಟ ಮಧ್ಯ ಅಮೆರಿಕದ ಕಡೆಯಿಂದ ಬಂದ ಮರ. ಹೆಸರಿನ ಎರಡನೆಯ ಭಾಗವೂ ಅಲ್ಲಿಯದೇ. ಆದರೆ ‘ಮನಿಲ್ಕಾರ’ ಎಂಬ ಮೊದಲ ಭಾಗ ಮಲಯಾಳಂನದು! ಅದೇ ಕುಲದ ಬೇರೊಂದು ಮರಕ್ಕೆ ಕೇರಳದಲ್ಲಿದ್ದ ಹೆಸರು ಅದು. ಏಲಕ್ಕಿಯ ಕುಲನಾಮ ‘ಎಲೆಟ್ಟೇರಿಯ’ ಕೂಡ ಮಲಯಾಳಂನಿಂದಲೇ ಹೋದದ್ದು. ಲ್ಯಾಟಿನ್ ಹೆಸರುಗಳ ನಡುವೆ ಈ ಮಾತುಗಳು ಸೇರಿದ್ದು ಹೇಗೆ? ಅದಕ್ಕೆ ಉತ್ತರ ಕೊಚ್ಚಿಯಲ್ಲಿದೆ.

1663ರ ಜನವರಿಯಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿ ಕೋಟೆಯನ್ನು ಗೆದ್ದುಕೊಂಡರು. 1795ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಡುವವರೆಗೆ ಅದು ಅವರ ಕೈಯಲ್ಲಿತ್ತು. ಅವರು ಬಂದದ್ದು ಕರಿಮೆಣಸಿಗಾಗಿ. ಅವರ ಗುರುತುಗಳು ಅಲ್ಲಿ ಇಂದಿಗೂ ಇವೆ. ಮಟ್ಟಾಂಚೇರಿಯ ಅರಮನೆಯನ್ನು ಕಟ್ಟಿಸಿಕೊಟ್ಟವರು ಪೋರ್ಚುಗೀಸರು. ದುರಸ್ತಿ ಮಾಡಿಸಿದ ಡಚ್ಚರ ಹೆಸರೇ ಅದಕ್ಕೆ ನಿಂತಿತು. ಬೋಲ್ಗಾಟ್ಟಿ ದ್ವೀಪದಲ್ಲಿ 1744ರಲ್ಲಿ ಅವರು ಕಟ್ಟಿದ ಬಂಗಲೆಯಿದೆ. ಅಷ್ಟೇಕೆ, ನಮ್ಮಲ್ಲಿ ಹಳಬರು ಶೌಚಾಲಯಕ್ಕೆ ಹೇಳುವ ‘ಕಕ್ಕಸು’ ಎಂಬ ಮಾತಿನ ಮೂಲವೂ ಡಚ್ ಭಾಷೆ ಎನ್ನುತ್ತಾರೆ!

ಆದರೆ ಡಚ್ಚರು ಬಿಟ್ಟುಹೋದ ಅತಿ ದೊಡ್ಡ ಗುರುತು ಕಲ್ಲು ಗಾರೆಯದಲ್ಲ. ಅದು ಒಂದು ಪುಸ್ತಕ. ಹೆಸರು ‘ಹಾರ್ಟಸ್ ಮಲಬಾರಿಕಸ್’, ಅಂದರೆ ಮಲಬಾರಿನ ತೋಟ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ಈ ಗ್ರಂಥದಲ್ಲಿ 740ಕ್ಕೂ ಹೆಚ್ಚು ಸಸ್ಯಗಳ ವರ್ಣನೆ ಮತ್ತು ಚಿತ್ರಗಳಿವೆ. ಮೊದಲ ಸಂಪುಟ ಆರಂಭವಾಗುವುದೇ ‘ತೆಂಗ’ದಿಂದ.

ಇದನ್ನು ಮಾಡಿಸಿದವನು 1670ರಿಂದ 1677ರವರೆಗೆ ಮಲಬಾರಿನಲ್ಲಿ ಡಚ್ ಕಂಪೆನಿಯ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್. ಅವನ ಉದ್ದೇಶ ಬರೀ ಜ್ಞಾನದಾಹವಲ್ಲ. ಕಂಪೆನಿಯ ಸೈನಿಕರಿಗೆ ದೂರದ ಯುರೋಪಿನಿಂದ ಔಷಧ ತರಿಸುವ ಬದಲು ಇಲ್ಲಿಯ ಗಿಡಮೂಲಿಕೆಗಳನ್ನೇ ಬಳಸಬಹುದಲ್ಲವೇ ಎಂಬ ಲೆಕ್ಕಾಚಾರವೂ ಇತ್ತು. ಆದರೆ ಯಾವ ಗಿಡ ಯಾವ ರೋಗಕ್ಕೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಊರಿನ ವೈದ್ಯರಿಗೆ.

ಅವರಲ್ಲಿ ಮುಖ್ಯನಾದವನು ಚೇರ್ತಲ ಬಳಿಯ ಕಡಕ್ಕರಪ್ಪಳ್ಳಿಯ ಇಟ್ಟಿ ಅಚ್ಯುತನ್. ಈಳವ ಸಮುದಾಯದ ಈತನ ಮನೆತನದಲ್ಲಿ ವೈದ್ಯ ವೃತ್ತಿ ತಲೆಮಾರುಗಳಿಂದ ನಡೆದುಬಂದಿತ್ತು. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ನಮ್ಮ ಕರಾವಳಿಯಲ್ಲಿ ಮನೆಮಾತಾಗಿರುವ ಕೊಂಕಣಿಯೇ ಅವರದೂ. ಜನರನ್ನು ಕಾಡಿಗೆ ಕಳುಹಿಸಿ ಗಿಡಗಳನ್ನು ತರಿಸುತ್ತಿದ್ದರು. ಚಿತ್ರಕಾರರು ಎಲೆ, ಹೂವು, ಕಾಯಿಗಳನ್ನು ಇದ್ದಂತೆಯೇ ಬರೆಯುತ್ತಿದ್ದರು. ಅಚ್ಯುತನ್ ಮಲಯಾಳಂನಲ್ಲಿ ಹೇಳಿದ್ದು ಪೋರ್ಚುಗೀಸಿಗೆ, ಅದರಿಂದ ಡಚ್ಚಿಗೆ, ಕೊನೆಗೆ ಲ್ಯಾಟಿನ್ನಿಗೆ ಹೋಗುತ್ತಿತ್ತು.

ಇಷ್ಟು ಬಾಯಿ ದಾಟುವಾಗ ಮಾತು ಕೆಡುವುದಿಲ್ಲವೇ? ಕೆಡುತ್ತದೆ. ಆದುದರಿಂದಲೇ ಪ್ರತಿ ಸಸ್ಯಕ್ಕೂ ಸ್ಥಳೀಯ ಹೆಸರನ್ನು ಕೊಟ್ಟು ಚಿತ್ರವನ್ನೂ ಸೇರಿಸಿದ್ದು ದೊಡ್ಡ ಉಪಕಾರವಾಯಿತು. ವರ್ಣನೆಯಲ್ಲಿ ಸಂದೇಹ ಬಂದರೆ ಚಿತ್ರವನ್ನು ನೋಡಿ ಗಿಡವನ್ನು ಗುರುತಿಸಬಹುದು. ಮುಂದೆ 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆ ಎರಡು ಪದಗಳ ಹೆಸರಿಟ್ಟಾಗ, ತಾನು ಕಂಡಿರದ ಎಷ್ಟೋ ಗಿಡಗಳಿಗೆ ಈ ಚಿತ್ರಗಳನ್ನೇ ಆಧಾರವಾಗಿ ಬಳಸಿಕೊಂಡ. ಮನಿಲ್ಕಾರ, ಎಲೆಟ್ಟೇರಿಯಗಳನ್ನು ನಂತರದ ವಿಜ್ಞಾನಿಗಳು ಇಲ್ಲಿಂದಲೇ ಎತ್ತಿಕೊಂಡರು.

ವಾನ್ ರೀಡ್ ಮಾಡಿದ ಇನ್ನೊಂದು ಕೆಲಸ ಮೆಚ್ಚತಕ್ಕದ್ದು. ಮಾಹಿತಿ ಕೊಟ್ಟವರ ಹೆಸರನ್ನು ಅವನು ಮರೆಮಾಚಲಿಲ್ಲ. ಅಚ್ಯುತನ್ 1675ರ ಏಪ್ರಿಲ್ 20ರಂದು ಬರೆದುಕೊಟ್ಟ ಪ್ರಮಾಣಪತ್ರವು ಅವನದೇ ಲಿಪಿಯಲ್ಲಿ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಕೊಂಕಣಿ ವೈದ್ಯರ ಪತ್ರ ನಾಗರಿ ಲಿಪಿಯಲ್ಲಿದೆ. ಜಾತಿಯ ಕಟ್ಟು ಬಿಗಿಯಾಗಿದ್ದ ಆ ಕಾಲದಲ್ಲಿ ಈಳವ ವೈದ್ಯನೊಬ್ಬನ ಹೆಸರು ಯುರೋಪಿನ ಗ್ರಂಥಾಲಯಗಳನ್ನು ಸೇರಿತು. ವಾನ್ ರೀಡ್ 1691ರಲ್ಲಿ ತೀರಿಕೊಂಡ; ಕೊನೆಯ ಸಂಪುಟವನ್ನು ಅವನು ನೋಡಲಿಲ್ಲ.

ವಿಷಾದದ ಸಂಗತಿಯೆಂದರೆ, ಯಾರ ಜ್ಞಾನ ಆ ಪುಟಗಳಲ್ಲಿತ್ತೋ ಅವರ ಮಕ್ಕಳು ಮೊಮ್ಮಕ್ಕಳೇ ಅದನ್ನು ಓದುವಂತಿರಲಿಲ್ಲ. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಅದನ್ನು ಲ್ಯಾಟಿನ್ನಿನಿಂದ ಅನುವಾದಿಸಿದರು. 2003ರಲ್ಲಿ ಇಂಗ್ಲಿಷಿನಲ್ಲೂ 2008ರಲ್ಲಿ ಮಲಯಾಳಂನಲ್ಲೂ ಅದು ಹೊರಬಂತು. ಅಚ್ಯುತನ್ ಮಲಯಾಳಂನಲ್ಲಿ ಹೇಳಿದ ಮಾತು ಮಲಯಾಳಂಗೆ ಮರಳಲು 330 ವರ್ಷಗಳಿಗೂ ಹೆಚ್ಚು ಬೇಕಾಯಿತು.

ನಮ್ಮ ಮನೆಗಳ ಅಜ್ಜಿಯರಿಗೂ ಯಾವ ಸೊಪ್ಪು ಯಾವುದಕ್ಕೆ ಎಂಬುದು ಗೊತ್ತಿರುತ್ತದೆ. ಈ ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಅವರ ಬಳಿ ಕುಳಿತುಕೊಳ್ಳಿ. ಗಿಡದ ಹೆಸರು ಬರೆಯಿರಿ, ಎಲೆಯ ಚಿತ್ರ ಬಿಡಿಸಿ. ಕೆಳಗೆ ದಿನಾಂಕ ಹಾಕಿ, ಹೇಳಿದವರ ಹೆಸರನ್ನೂ ಬರೆಯಲು ಮರೆಯಬೇಡಿ.